ಎದೆಯೊಳಗಿನ ಗಡ್ಡೆ: ಸೂಜಿ ಪರೀಕ್ಷೆಯ ಮಾತನ್ನು ಎಷ್ಟು ನಂಬಬಹುದು?

ಹೊಳಲ್ಕೆರೆ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರವಿದು: ಅವರ ಸೋದರಳಿಯನಿಗೆ ಇಪ್ಪತ್ತು ದಾಟಿದ ವಯಸ್ಸು. ಬಿಡದ ಕೆಮ್ಮು, ಬೆಳಿಗ್ಗೆ ಏಳುವಾಗ ಮುಖದಲ್ಲಿ ಊತ. ದಾವಣಗೆರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಎದೆಮೂಳೆಯ ಹಿಂದೆ ಗಡ್ಡೆ ಕಂಡಿದ್ದು, ಸೂಜಿಯಿಂದ ತೆಗೆದ ಕೋಶಗಳ ವರದಿಯಲ್ಲಿ ‘ಜರ್ಮ್ ಸೆಲ್ ಟ್ಯೂಮರ್, ಸೆಮಿನೋಮಾ ಇರಬಹುದು’ ಎಂದಿದೆ; ಅಂದರೆ ಸಂತಾನಕೋಶಗಳ ಗಡ್ಡೆ, ಅದರಲ್ಲೂ ಸಾಮಾನ್ಯವಾಗಿ ವೃಷಣದಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್. ವೃಷಣದ ಕಾಯಿಲೆ ಎದೆಗೆ ಹೇಗೆ ಬಂತು, ಎರಡು ಹನಿ ನೋಡಿ ಇಷ್ಟು ದೊಡ್ಡ ಮಾತು ಹೇಳಬಹುದೇ, ಚುಚ್ಚಿದ್ದರಿಂದ ಗಡ್ಡೆ ಕೆರಳುವುದಿಲ್ಲವೇ, ಮುಂದೆ ಹುಡುಗನಿಗೆ ಮಕ್ಕಳಾಗುತ್ತವೆಯೇ ಎಂಬುದು ಅವರ ಪ್ರಶ್ನೆಗಳು.

ಮಾನ್ಯರೇ,

ವೀರ್ಯಾಣು ಅಥವಾ ಅಂಡಾಣುವಾಗಬೇಕಾದ ಮೂಲಕೋಶಗಳು ಭ್ರೂಣದಲ್ಲಿ ಹುಟ್ಟುವುದು ಬೇರೆಡೆ. ಅಲ್ಲಿಂದ ಅವು ದೇಹದ ನಡುಗೆರೆಯಗುಂಟ ಸಾಗಿ ತಮ್ಮ ಜಾಗ ಸೇರುತ್ತವೆ. ದಾರಿಯಲ್ಲೇ ಉಳಿದ ಕೆಲವು ಕೋಶಗಳಿಂದ ಇಂಥ ಗಡ್ಡೆ ಹುಟ್ಟುತ್ತದೆಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದ ವಿವರಣೆ. ಆದರೂ ವೃಷಣದಲ್ಲಿ ಗಡ್ಡೆಯಿಲ್ಲವೆಂದು ಅಲ್ಟ್ರಾಸೌಂಡ್ ಮಾಡಿ ಖಚಿತಪಡಿಸಿಕೊಳ್ಳಲೇಬೇಕು. ಸಣ್ಣ ಸೂಜಿಯಿಂದ ಗಡ್ಡೆ ಹರಡುವುದು ತೀರಾ ಅಪರೂಪ. ಮುಖ ಊದಿದೆಯೆಂದರೆ ಎದೆಯ ದೊಡ್ಡ ರಕ್ತನಾಳದ ಮೇಲೆ ಗಡ್ಡೆ ಒತ್ತುತ್ತಿರಬಹುದು. ಅಂಥ ರೋಗಿಗೆ ಪೂರ್ಣ ಅರಿವಳಿಕೆ ಕೊಡುವುದೇ ಅಪಾಯವಾದ್ದರಿಂದ, ಚರ್ಮವನ್ನಷ್ಟೇ ಮರಗಟ್ಟಿಸಿ ಸೂಜಿ ಹಾಕಿದ್ದು ವಿವೇಕದ ನಿರ್ಧಾರ.

ಎರಡು ಹನಿಯೆಂದು ತಾವು ಬರೆದದ್ದರಲ್ಲಿ ಸಾವಿರಾರು ಕೋಶಗಳಿರುತ್ತವೆ. ಅವನ್ನು ಸವರಿದ ಗಾಜಿನ ಪಟ್ಟಿಗಳಲ್ಲಿ (ಸ್ಲೈಡ್) ಕೆಲವನ್ನು ಗಾಳಿಯಲ್ಲಿ ಒಣಗಿಸಿ ಜೀಮ್ಸಾ ಬಣ್ಣ ಹಾಕುತ್ತಾರೆ, ಉಳಿದವನ್ನು ಆಲ್ಕೋಹಾಲಿನಲ್ಲಿ ಅದ್ದಿ ಪ್ಯಾಪನಿಕೊಲೋ ಬಣ್ಣ ಹಾಕುತ್ತಾರೆ. ಸೆಮಿನೋಮಾದ ಕೋಶಗಳು ದೊಡ್ಡವು, ಆದರೆ ಬಲು ನಾಜೂಕು. ಪಟ್ಟಿಯ ಮೇಲೆ ಸವರುವಾಗಲೇ ಒಡೆದು, ಒಳಗೆ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯಂಶ ಹರಡಿ, ಜೀಮ್ಸಾದಲ್ಲಿ ಹುಲಿಯ ಮೈಪಟ್ಟೆಯಂಥ ಹಿನ್ನೆಲೆ ಮೂಡುತ್ತದೆ. ಜೊತೆಗೆ ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳು, ಕೆಲವೊಮ್ಮೆ ಗ್ರಾನುಲೋಮಾ ಎಂಬ ಉರಿಯೂತದ ಕೋಶಗುಂಪುಗಳೂ ಇರುತ್ತವೆ. ನಮ್ಮ ಸೀಮೆಯಲ್ಲಿ ಗ್ರಾನುಲೋಮಾ ಎಂದೊಡನೆ ಮನಸ್ಸು ಕ್ಷಯದ ಕಡೆಗೆ ಓಡುತ್ತದೆ. ಸೂಜಿಗೆ ಅಷ್ಟೇ ಸಿಕ್ಕು, ನಡುವಿನ ದೊಡ್ಡ ಕೋಶಗಳು ಕಣ್ತಪ್ಪಿದರೆ, ಹುಡುಗ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗುತ್ತ ಕೂರಬೇಕಾದೀತು.

ಎದೆಮೂಳೆಯ ಹಿಂದಿನ ಈ ಜಾಗದಲ್ಲಿ ಲಿಂಫೋಮಾ (ಲಿಂಫೋಸೈಟುಗಳ ಕ್ಯಾನ್ಸರ್), ಥೈಮೋಮಾ (ಥೈಮಸ್ ಗ್ರಂಥಿಯ ಗಡ್ಡೆ) ಕೂಡ ಬರುತ್ತವೆ. ಬರಿಯ ಬಣ್ಣದಿಂದ ಬೇರ್ಪಡಿಸುವುದು ಕಷ್ಟವಾದಾಗ, ಉಳಿದ ಮಾದರಿಯನ್ನು ಮೇಣದಲ್ಲಿ ಗಟ್ಟಿಮಾಡಿದ ‘ಸೆಲ್ ಬ್ಲಾಕ್’ ಮೇಲೆ ಸಾಲ್4, ಆಕ್ಟ್4, ಸಿಡಿ30, ಸಿಡಿ45ರಂಥ, ಕೋಶದ ಬಗೆ ತಿಳಿಸುವ ಪ್ರೋಟೀನ್ ಗುರುತುಗಳನ್ನು ಪರೀಕ್ಷಿಸುತ್ತಾರೆ. ಲಿಂಫೋಮಾದ ಅನುಮಾನ ಕಳೆಯುವ ಮುನ್ನ ಊತ ಇಳಿಸಲೆಂದು ಸ್ಟೀರಾಯ್ಡ್ ಕೊಟ್ಟರೆ ಕೋಶಗಳು ಕರಗಿ ರೋಗದ ಗುರುತೇ ಸಿಗದಂತಾಗಬಹುದು. ಆದ್ದರಿಂದ, ಉಸಿರಿಗೇ ಸಂಚಕಾರ ಬಂದ ಹೊತ್ತನ್ನು ಬಿಟ್ಟರೆ, ಮೊದಲು ಮಾದರಿ, ಆಮೇಲೆ ಔಷಧ.

ಸೂಜಿಯ ನಿಜವಾದ ಮಿತಿ ಬೇರೆಯಿದೆ. ದಾವಣಗೆರೆಯ ಮಂಡಿಯಲ್ಲಿ ಮೂಟೆಯ ಒಂದೇ ಕಡೆ ಚುಚ್ಚಿ ತೆಗೆದ ಕಾಳು ಇಡೀ ಮೂಟೆಯ ಕಥೆ ಹೇಳದೆ ಹೋಗಬಹುದು. ಈ ಗಡ್ಡೆಗಳೂ ಹಾಗೆಯೇ, ಹಲವು ಸಲ ಮಿಶ್ರ. ಚುಚ್ಚಿದಲ್ಲಿ ಸೆಮಿನೋಮಾ ಇದ್ದು, ಪಕ್ಕದಲ್ಲೇ ಯೋಕ್ ಸ್ಯಾಕ್ ಟ್ಯೂಮರ್ ಎಂಬ ಬೇರೆ ಬಗೆಯ ಸಂತಾನಕೋಶದ ಗಡ್ಡೆ ಇರಬಹುದು. ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು ರಕ್ತಪರೀಕ್ಷೆ. ಶುದ್ಧ ಸೆಮಿನೋಮಾ ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ (ಎ.ಎಫ್.ಪಿ.) ಎಂಬ ಅಂಶವನ್ನು ಏರಿಸುವುದಿಲ್ಲ. ಸ್ಲೈಡ್ ಸೆಮಿನೋಮಾ ಎಂದರೂ ಯಕೃತ್ತಿನ ತೊಂದರೆಯಂಥ ಬೇರೆ ಕಾರಣವಿಲ್ಲದೆ ಈ ಅಂಶ ಸ್ಪಷ್ಟವಾಗಿ ಏರಿದ್ದರೆ, ವೈದ್ಯರು ಅದನ್ನು ಸೆಮಿನೋಮಾ ಅಲ್ಲದ ಬಗೆಯೆಂದೇ ಭಾವಿಸಿ ಚಿಕಿತ್ಸೆ ಮಾಡುತ್ತಾರೆ. ಇದು ಸಣ್ಣ ವ್ಯತ್ಯಾಸವಲ್ಲ: ಎದೆಯಲ್ಲಿ ಹುಟ್ಟಿದ ಸೆಮಿನೋಮಾದಲ್ಲಿ ಐದು ವರ್ಷದ ನಂತರವೂ ಬದುಕಿರುವವರು ನೂರಕ್ಕೆ 85ರ ಆಸುಪಾಸು, ಇನ್ನೊಂದು ಬಗೆಯಲ್ಲಿ ಹೆಚ್ಚುಕಡಿಮೆ ಅರ್ಧ. 1997ರ ಅಂತರರಾಷ್ಟ್ರೀಯ ವರ್ಗೀಕರಣವು ಎರಡನೆಯದನ್ನು ಹೆಚ್ಚು ಅಪಾಯದ ಗುಂಪಿನಲ್ಲೇ ಇರಿಸಿತು.

ಹೀಗಾಗಿ ಎ.ಎಫ್.ಪಿ., ಬೀಟಾ ಎಚ್.ಸಿ.ಜಿ., ಎಲ್.ಡಿ.ಎಚ್. ಈ ಮೂರು ರಕ್ತಪರೀಕ್ಷೆಗಳನ್ನೂ ಕೀಮೋ (ಕ್ಯಾನ್ಸರಿನ ಔಷಧ ಚಿಕಿತ್ಸೆ) ಆರಂಭಿಸುವ ಮೊದಲೇ ಮಾಡಿಸಿದ್ದಾರೆಯೇ ಎಂದು ದಯವಿಟ್ಟು ಕೇಳಿ. ವರದಿಯಲ್ಲಿ ‘ಇರಬಹುದು’ ಎಂಬ ಮಾತಿರುವುದರಿಂದ, ದಪ್ಪ ಸೂಜಿಯ ಬಯಾಪ್ಸಿಗೆ ವೈದ್ಯರು ಹೇಳಿದರೆ ಹಿಂಜರಿಯಬೇಡಿ. ಮೊದಲ ವರದಿ ಸುಳ್ಳೆಂದು ಅದರರ್ಥವಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಕಾಗದದ ವರದಿಯೊಂದೇ ಸಾಲದು, ಸ್ಲೈಡುಗಳನ್ನೂ ಬ್ಲಾಕನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದು ಒಯ್ಯಿರಿ. ಮುಖದ ಊತ ಹೆಚ್ಚಿದರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ಬೆಳಗಾಗಲೆಂದು ಕಾಯಬೇಡಿ.

ಮಕ್ಕಳ ವಿಚಾರ ಕೇಳಲು ತಾವು ಸಂಕೋಚಪಟ್ಟಿದ್ದೀರಿ, ಅದು ಬೇಡ. ಕೀಮೋದಿಂದ ವೀರ್ಯಾಣುಗಳು ಕುಗ್ಗುತ್ತವೆ, ಅನೇಕರಲ್ಲಿ ಕಾಲಾಂತರದಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ಆ ಭರವಸೆಯ ಮೇಲೆಯೇ ಬಿಡದೆ, ಹುಡುಗನ ಸ್ಥಿತಿ ಒಂದೆರಡು ದಿನದ ಅವಕಾಶ ಕೊಟ್ಟರೆ, ಮೊದಲ ಡೋಸಿಗೆ ಮುನ್ನವೇ ವೀರ್ಯವನ್ನು ಶೀತಲೀಕರಿಸಿ ಇಡಿಸಬಹುದು. ಈ ಮಾತನ್ನು ಹಿರಿಯರಾದ ತಾವೇ ಅವನೊಡನೆ ಎತ್ತಿರಿ.

– ಸಂಪಾದಕ