ರೋಮನ್ ಕವಚದ ಹಿತ್ತಾಳೆ ಕೀಲು, ಬಕಲ್‌ಗಳು ಅಷ್ಟು ಬೇಗ ಮುರಿಯುತ್ತಿದ್ದವೇ? ಪ್ರತಿಕೃತಿಯಲ್ಲಿ ಬಾಳಿಕೆ ಬರುವಂತೆ ಮಾಡುವುದು ಹೇಗೆ?

ಮುರಿಯುತ್ತಿದ್ದವು, ಅದೂ ಯುದ್ಧದಲ್ಲೇ ಆಗಬೇಕೆಂದಿರಲಿಲ್ಲ. ಲೋರಿಕಾ ಸೆಗ್ಮೆಂಟಾಟಾ ಎಂದು ನಾವೀಗ ಕರೆಯುವ ಪಟ್ಟಿಪಟ್ಟಿ ಕವಚದಲ್ಲಿ ಕಬ್ಬಿಣದ ತಗಡು ಗಟ್ಟಿ. ಅದನ್ನು ಜೋಡಿಸುವ ಹಿತ್ತಾಳೆಯೋ ಒಂದು ಮಿಲಿಮೀಟರ್‌ಗಿಂತಲೂ ತೆಳು. ದಿನವೂ ತೊಟ್ಟು ಬಿಚ್ಚುವುದರಲ್ಲೇ ಅದು ದಣಿಯುತ್ತಿತ್ತು.

ಇಂಗ್ಲೆಂಡಿನ ಕಾರ್ಬ್ರಿಡ್ಜ್‌ನಲ್ಲಿ 1964ರಲ್ಲಿ ಸಿಕ್ಕ ಪೆಟ್ಟಿಗೆಯ ಕವಚಗಳನ್ನೇ ನೋಡಿ. ಕೀಲು ಹೋದ ಕೆಲವು ಕಡೆ ಹೊಸ ಕೀಲು ಹಾಕದೆ ಎರಡು ತಗಡುಗಳನ್ನು ನೇರವಾಗಿ ರಿವೆಟ್ ಹೊಡೆದು ಕೂಡಿಸಿದ್ದಾರೆ. ನನ್ನ ಪ್ರಕಾರ ಇದು ಬರೀ ತೇಪೆಯಲ್ಲ, ಜಾಣತನ. ತೊಟ್ಟ ಮೇಲೆ ಕವಚದ ಭುಜಭಾಗದ ಕೀಲು ಅಲುಗಾಡುವುದೇ ಕಡಿಮೆ. ಮುಂದೆ ಬಂದ, ನ್ಯೂಸ್ಟೆಡ್ ಎಂದು ಕರೆಯುವ ಕವಚದ ಮಾದರಿಯಲ್ಲಿ ಈ ಭುಜದ ಕೀಲುಗಳನ್ನು ಕೈಬಿಟ್ಟು ರಿವೆಟ್‌ಗಳನ್ನೇ ಉಳಿಸಿಕೊಂಡರು.

ಬಿರುಕು ಮೊದಲು ಬರುವುದು ಕೀಲಿನ ನಡುವಿನ ಕಡ್ಡಿಯ ಸುತ್ತ ತಗಡು ಮಡಿಚಿಕೊಂಡ ತಿರುವಿನಲ್ಲಿ. ಹಿತ್ತಾಳೆಯನ್ನು ಬಗ್ಗಿಸಿದಷ್ಟೂ ಪೆಡಸಾಗುತ್ತದೆ. ಹಾಗಾಗಿ ಮಡಿಚುವ ಮುಂಚೆ ನೆರಳಿನಲ್ಲಿ ಮಂದ ಕೆಂಪು ಕಾಣುವಷ್ಟು ಕಾಯಿಸಿ ನೀರಿಗೆ ಹಾಕಿ, ಮೆದುವಾಗುತ್ತದೆ. ಕಿತ್ತಳೆ ಬಣ್ಣಕ್ಕೆ ಏರಿಸಬೇಡಿ. ಲೋಹದ ಕಣಗಳು ದಪ್ಪಗಾಗಿ ತಿರುವಿನಲ್ಲಿ ಸುಕ್ಕು, ಬಿರುಕು ಬರುತ್ತದೆ. ಅಂಗಡಿಯ ತಗಡನ್ನು ಎಳೆದ ದಿಕ್ಕು ಅದರ ಸಣ್ಣ ಗೀರುಗಳಲ್ಲಿ ಕಾಣುತ್ತದೆ. ಮಡಿಕೆ ಆ ಗೀರುಗಳಿಗೆ ಅಡ್ಡವಾಗಿರಲಿ.

ರಿವೆಟ್ ವಿಷಯದಲ್ಲಿ ತಪ್ಪುವುದು ಉದ್ದದಲ್ಲಿ. ಗುಂಡು ತಲೆ ಬೇಕಾದರೆ ಹೊರಗೆ ಉಳಿಯುವ ಕಡ್ಡಿ ಅದರ ದಪ್ಪದ ಒಂದೂವರೆ ಪಟ್ಟು ಸಾಕು. ಹೆಚ್ಚಾದರೆ ಬಾಗಿಕೊಳ್ಳುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ ದಪ್ಪದ ಎರಡು ಪಟ್ಟಾದರೂ ಜಾಗ ಬಿಡಿ, ಇಲ್ಲದಿದ್ದರೆ ಅಂಚು ಹರಿದುಬರುತ್ತದೆ. ತಗಡುಗಳನ್ನು ಒಳಗಿನಿಂದ ಹಿಡಿದಿಡುವ ತೊಗಲು ಪಟ್ಟಿಯ ಬದಿಗೆ ಸಣ್ಣ ವಾಷರ್ ಕೊಡಿ. ಹೊಟ್ಟೆಯ ಮುಂದೆ ದಾರ ಕಟ್ಟುವ ಬಳೆಗಳಿಗಂತೂ ಇದು ಬೇಕೇ ಬೇಕು, ಎಳೆತವೆಲ್ಲ ಅವುಗಳ ಮೇಲೇ ಬೀಳುತ್ತದೆ.

ಇನ್ನೊಂದು ಶತ್ರು ಬೆವರು. ಉಪ್ಪುನೀರು ತಾಗಿದಾಗ ಹಿತ್ತಾಳೆಯ ಪಕ್ಕದ ಕಬ್ಬಿಣ ಬೇಗ ಕರಗುತ್ತದೆ. ಉಬ್ಬಿದ ತುಕ್ಕು ಹಿತ್ತಾಳೆಯ ತುಂಡನ್ನೇ ಮೇಲೆತ್ತುತ್ತದೆ. ಜೋಡಿಸುವ ಮುಂಚೆ ಎರಡರ ನಡುವೆ ಜೇನುಮೇಣ ತೆಳ್ಳಗೆ ಸವರಿ.

ಕೊನೆಗೆ ಹೊಳಪಿನ ಮಾತು. ಅಮೋನಿಯಾ ಇರುವ ಪಾಲಿಶ್ ಮುಟ್ಟಬೇಡಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ, ತೇವ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದಿದ್ದ ಬಿಗಿತ, ಮೂರೂ ಸೇರಿ ಹಾಗಾಗುತ್ತಿತ್ತು. ಮಡಿಚಿದ ಕೀಲಿನಲ್ಲೂ ಅದೇ ಬಿಗಿತ ಇರುತ್ತದೆ. ತಯಾರಾದ ಕೀಲುಗಳನ್ನು ತೊಗಲಿಗೆ ಜೋಡಿಸುವ ಮೊದಲು ಓವನ್‌ನಲ್ಲಿ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು, ಹಾಗೇ ಆರಲು ಬಿಡಿ. ಗಟ್ಟಿತನ ಹೋಗುವುದಿಲ್ಲ, ಒಳಗಿನ ಬಿಗಿತ ಮಾತ್ರ ಸಡಿಲವಾಗುತ್ತದೆ.