ಕೋಬಿಯಾ ಹಿಡಿಯಲು ಕಡಲಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಅಮೆರಿಕದ ವರ್ಜೀನಿಯಾ ಬೀಚ್‌ನಲ್ಲಿ ನೆಲೆಸಿದ್ದಾಳೆ. ಬರುವ ಜೂನ್ ಕೊನೆಯಲ್ಲಿ ನಾವು ದಂಪತಿ ಅಲ್ಲಿಗೆ ಹೋಗಲಿದ್ದೇವೆ. ಅನುಭವಿ ಕ್ಯಾಪ್ಟನ್ ಇರುವ ಬೋಟನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿದು, ಕೋಬಿಯಾ ಎಂಬ ಮೀನಿಗೆ ಗಾಳ ಹಾಕಲು ಕರೆದೊಯ್ಯುವುದಾಗಿ ಅಳಿಯಂದಿರು ಹೇಳಿದ್ದಾರೆ. ಅನುಮತಿ ಇದ್ದ ಕಾಲದಲ್ಲಿ ನಾನು ಭೀಮೇಶ್ವರಿಯ ಬಳಿ ಮಹಶೀರ್ ಹಿಡಿದು ಬಿಟ್ಟವನು; ಸಮುದ್ರದ ಅನುಭವ ಏನೇನೂ ಇಲ್ಲ. ಇದು ಎಂಥ ಮೀನು? ನಾನು ಹೇಗೆ ಸಿದ್ಧನಾಗಬೇಕು?
— ನಿವೃತ್ತ ಎಂಜಿನಿಯರ್, ಜಯನಗರ

ಉತ್ತರ: ಕಾವೇರಿಯಲ್ಲಿ ರಾಗಿ ಉಂಡೆ ಕಟ್ಟಿ, ದಾರದ ಮೇಲೆ ಬೆರಳಿಟ್ಟು ಗಂಟೆಗಟ್ಟಲೆ ಕಾದ ನಿಮ್ಮ ತಾಳ್ಮೆ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಕಾಯುವ ಕ್ರಮ ಬೇರೆ. ಮಹಶೀರ್ ಬಂದದ್ದು ಬೆರಳಿಗೆ ತಿಳಿಯುತ್ತಿತ್ತು. ಕೋಬಿಯಾವನ್ನು ಮೊದಲು ಕಣ್ಣಿನಿಂದ ಹುಡುಕಬೇಕು.

ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1766ರಲ್ಲಿ ವಿವರಿಸಿದ ಈ ಮೀನು ತನ್ನ ಕುಟುಂಬದಲ್ಲಿ ಇಂದು ಬದುಕಿರುವ ಏಕೈಕ ಪ್ರಭೇದವಾಗಿದೆ. ಉದ್ದನೆಯ ಮೈ, ಅಗಲವಾದ ಚಪ್ಪಟೆ ತಲೆ, ಕಡು ಕಂದು ಬೆನ್ನು ಮತ್ತು ಬಿಳಿ ಹೊಟ್ಟೆಯ ಇದನ್ನು ಮೇಲಿನಿಂದ ನೋಡಿದವರು ಎಷ್ಟೋ ಬಾರಿ ಸಣ್ಣ ಶಾರ್ಕ್ ಎಂದೇ ಭಾವಿಸುತ್ತಾರೆ. ಸುಮಾರು 2 ಮೀಟರ್‌ವರೆಗೆ ಬೆಳೆಯಬಲ್ಲದು. ಗಾಳದಲ್ಲಿ ಹಿಡಿದವುಗಳಲ್ಲಿ ವಿಶ್ವದಾಖಲೆಯಾಗಿರುವ ಮೀನು ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ 1985ರಲ್ಲಿ ಸಿಕ್ಕಿತು, ಅದರ ತೂಕ 61.5 ಕಿಲೋ. ಏಡಿ, ಬೊಂಡಾಸ್ (ಸ್ಕ್ವಿಡ್) ಮತ್ತು ಸಣ್ಣ ಮೀನುಗಳು ಇದರ ಆಹಾರ. ತೊರಕೆ (ರೇ ಮೀನು), ಕಡಲಾಮೆ, ಶಾರ್ಕ್‌ಗಳ ಹಿಂದೆಯೇ ಸಾಗುವುದು, ಅವು ತಳವನ್ನು ಕೆದಕಿ ಎಬ್ಬಿಸಿದ ಏಡಿಗಳನ್ನು ಹೆಕ್ಕುವುದು, ಹಡಗುಗಳಿಗೆ ದಾರಿ ತೋರಿಸಲು ತೇಲಿಬಿಟ್ಟ ಬೋಯೆ ಅಥವಾ ಮುಳುಗಿದ ಹಡಗಿನ ನೆರಳಿನಲ್ಲಿ ನಿಲ್ಲುವುದು ಇದರ ಸ್ವಭಾವ, ಮತ್ತು ಬಾಡಿಗೆ ಬೋಟಿನ ಇಡೀ ಕಸುಬು ನಿಂತಿರುವುದೇ ಈ ಸ್ವಭಾವದ ಮೇಲೆ.

ನೀವು ಹೋಗುವ ಕಾಲ ಸರಿಯಾಗಿದೆ. ಮೇ ಕೊನೆಯ ಹೊತ್ತಿಗೆ ನೀರು ಬೆಚ್ಚಗಾದಂತೆ ಕೋಬಿಯಾಗಳು ವರ್ಜೀನಿಯಾ ಬೀಚ್ ಪಕ್ಕದ ಚೆಸಪೀಕ್ ಕೊಲ್ಲಿಗೆ ಬರುತ್ತವೆ, ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿಯೇ ಮೊಟ್ಟೆಯಿಡುತ್ತವೆ, ಶರತ್ಕಾಲದಲ್ಲಿ ನೀರು ತಣ್ಣಗಾಗುತ್ತಲೇ ಹೊರಟುಹೋಗುತ್ತವೆ. ಕೊಲ್ಲಿಯ ಬಾಯಲ್ಲಿ ಸಮುದ್ರದ ಮೇಲೆ ಹಾದುಹೋಗುವ ಸೇತುವೆ-ಸುರಂಗದ ಆಸುಪಾಸು ಮತ್ತು ಹಡಗುದಾರಿಯ ಬೋಯೆಗಳ ಬಳಿ ಬೋಟುಗಳು ಇವನ್ನು ಹುಡುಕುತ್ತವೆ. ಇದಕ್ಕೆಂದೇ ಅನೇಕ ಬೋಟುಗಳಲ್ಲಿ ಎತ್ತರದ ಅಟ್ಟಣೆ ಕಟ್ಟಿರುತ್ತಾರೆ. ಕ್ಯಾಪ್ಟನ್ ಅದರ ಮೇಲೆ ನಿಂತು ಬೋಟು ನಡೆಸುತ್ತಲೇ ನೀರಿನೊಳಗಿನ ಕಂದು ನೆರಳನ್ನು ಅರಸುತ್ತಾರೆ. ಬಿಸಿಲು ನೆತ್ತಿಗೇರಿದಷ್ಟೂ ನೀರಿನೊಳಗಿನದು ಚೆನ್ನಾಗಿ ಕಾಣುವುದರಿಂದ ಇದಕ್ಕೆ ನಸುಕಿನಲ್ಲಿ ಎದ್ದು ಓಡಬೇಕಿಲ್ಲ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಹೊತ್ತೇ ಅಮೂಲ್ಯ. ಪೋಲರೈಸ್ಡ್ ತಂಪು ಕನ್ನಡಕ ಇಲ್ಲದೆ ಹೋಗಬೇಡಿ. ಅದು ನೀರಿನ ಮೇಲಿನ ಹೊಳಪನ್ನು ಕಳೆಯುತ್ತದೆ. ಅದಿಲ್ಲದವರಿಗೆ ಕ್ಯಾಪ್ಟನ್ ಬೆರಳು ತೋರಿಸಿದರೂ ಮೀನು ಕಾಣುವುದು ಕಷ್ಟ.

ಮೀನು ಕಂಡಾಗ ಎರೆಯನ್ನು ಅದರ ತಲೆಯ ಮೇಲೆಯೇ ಎಸೆದರೆ ಅದು ಬೆದರಿ ತಳಕ್ಕಿಳಿಯುತ್ತದೆ. ಅದು ಸಾಗುತ್ತಿರುವ ದಿಕ್ಕನ್ನು ನೋಡಿ, ಅದಕ್ಕಿಂತ ಮುಂದೆ ಮತ್ತು ಸ್ವಲ್ಪ ಆಚೆಗೆ ಎಸೆದು, ಅದರ ಮೂತಿಯ ಎದುರಿನಿಂದ ಹಾದುಹೋಗುವಂತೆ ಎಳೆಯಬೇಕು. ಅಲ್ಲಿ ಜೀವಂತ ಹಾವುಮೀನನ್ನು ಅಥವಾ ಭಾರವಾದ ಕೃತಕ ಎರೆಯನ್ನು ಬಳಸುವುದು ವಾಡಿಕೆ. ಹೊರಡುವ ಮುನ್ನ ಲಾಲ್‌ಬಾಗಿನ ಸುತ್ತ ನಡೆಯುವುದಕ್ಕಿಂತ ಹೆಚ್ಚು ಪ್ರಯೋಜನ ಕೊಡುವ ಅಭ್ಯಾಸವೊಂದಿದೆ: ಜನರಿಲ್ಲದ ಮೈದಾನದಲ್ಲಿ ಕೊಕ್ಕೆ ತೆಗೆದು, ದಾರದ ತುದಿಗೆ ಬರೀ ತೂಕ ಕಟ್ಟಿ, 20 ಮೀಟರ್ ದೂರದ ಬಕೆಟ್ಟಿನ ಆಚೆಗೆ ಬೀಳುವಂತೆ ಎಸೆಯಿರಿ. ದಿನದಲ್ಲಿ ಕೆಲವೇ ಅವಕಾಶ ಸಿಗುವಾಗ ಮೊದಲ ಎಸೆತ ಸರಿಯಾಗಿ ಬೀಳುವುದೇ ಮುಖ್ಯ.

ಕೊನೆಯದಾಗಿ, ನಿಮ್ಮ ಕೈಯ ಹಳೆಯ ಅಭ್ಯಾಸವೊಂದನ್ನು ಬಿಡಬೇಕಾದೀತು. ಜೀವಂತ ಎರೆಗೆ ಹೆಚ್ಚಾಗಿ ವೃತ್ತಾಕಾರದ ಕೊಕ್ಕೆ ಕಟ್ಟಿರುತ್ತಾರೆ. ಮೀನು ಕಚ್ಚಿದಾಗ ಕೋಲನ್ನು ಜಗ್ಗಿದರೆ ಇದು ಬಾಯಿಂದ ಜಾರಿ ಬರುತ್ತದೆ. ಜಗ್ಗದೆ ಸುಮ್ಮನೆ ರೀಲನ್ನು ಸುತ್ತಿ ದಾರ ಬಿಗಿಗೊಳಿಸಿದರೆ ತಾನಾಗಿ ದವಡೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ನಾವು ನಾಲ್ವರು ಸಹೋದ್ಯೋಗಿಗಳು ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಇಂಥ ಪ್ರವಾಸ ಮಾಡಬೇಕೆಂದಿದ್ದೇವೆ. ಜಾಲತಾಣಗಳಲ್ಲಿ ಎಲ್ಲ ಬೋಟುಗಳೂ ಒಂದೇ ರೀತಿ ಕಾಣುತ್ತವೆ. ಹೇಗೆ ಆರಿಸುವುದು? ಹಣದ ಲೆಕ್ಕ ಹೇಗೆ?
— ವೈಟ್‌ಫೀಲ್ಡ್‌ನ ಓದುಗರು

ಉತ್ತರ: ಬೋಟನ್ನು ನೋಡಿ ಆರಿಸಬೇಡಿ, ಕ್ಯಾಪ್ಟನ್ ಯಾರು ಎಂದು ನೋಡಿ ಆರಿಸಿ. ಅಲ್ಲಿನ ಇಂಥ ಬಾಡಿಗೆ ಬೋಟುಗಳಲ್ಲಿ ಬಹುಪಾಲು ಆರು ಪ್ರಯಾಣಿಕರವರೆಗೆ ಮಾತ್ರ ಕರೆದೊಯ್ಯುವ ಪರವಾನಗಿ ಉಳ್ಳವು. ಕೋಸ್ಟ್ ಗಾರ್ಡ್ ನೀಡಿದ ಕ್ಯಾಪ್ಟನ್ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ವರ್ಜೀನಿಯಾದಲ್ಲಿ ಬೋಟಿನ ಪರವಾನಗಿಯೇ ಪ್ರಯಾಣಿಕರಿಗೂ ಅನ್ವಯಿಸುವುದರಿಂದ ನೀವು ಪ್ರತ್ಯೇಕ ಗಾಳದ ಪರವಾನಗಿ ಕೊಳ್ಳಬೇಕಿಲ್ಲ. ಬೇರೆ ರಾಜ್ಯಕ್ಕೆ ಹೋಗುವುದಾದರೆ ಇದನ್ನು ಮೊದಲೇ ವಿಚಾರಿಸಿ.

ಫೋನಿನಲ್ಲಿ ಮೊದಲು ಕೇಳಬೇಕಾದದ್ದು, ಮೀನನ್ನು ಕಣ್ಣಿನಿಂದ ಹುಡುಕಿ ಹಿಡಿಸುತ್ತಾರೆಯೇ ಅಥವಾ ಲಂಗರು ಹಾಕಿ, ಕೊಚ್ಚಿದ ಮೀನನ್ನು ನೀರಿಗೆ ಬಿಟ್ಟು ಅದರ ವಾಸನೆಗೆ ಬರುವಂತೆ ಮಾಡುತ್ತಾರೆಯೇ ಎಂಬುದು. ಎರಡೂ ಒಪ್ಪಿತ ಕ್ರಮಗಳೇ. ಮೋಡ ಕವಿದ ದಿನ ಎರಡನೆಯದು ಫಲ ಕೊಡುತ್ತದೆ, ಆದರೆ ಮೀನನ್ನು ಕಂಡು ಎಸೆಯುವ ಅನುಭವಕ್ಕಾಗಿ ಹೋದವರು ದಿನವಿಡೀ ಲಂಗರಿನಲ್ಲಿ ಕುಳಿತರೆ ಬೇಸರವಾದೀತು. ಆಮೇಲೆ ಹಣದ ವಿಷಯ: ಇಂಧನ, ಎರೆ, ಐಸ್ ಮತ್ತು ಮೀನು ಹೆಚ್ಚಿಕೊಡುವ ಕೆಲಸ ಬಾಡಿಗೆಯಲ್ಲಿ ಸೇರಿದೆಯೇ, ಹವಾಮಾನ ಕೆಟ್ಟು ಹೋಗಲಾಗದಿದ್ದರೆ ಮುಂಗಡ ವಾಪಸು ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬೋಟಿನ ಸಹಾಯಕರಿಗೆ ಬಾಡಿಗೆಯ ಶೇಕಡಾ 15ರಿಂದ 20ರಷ್ಟು ಭಕ್ಷೀಸು ಕೊಡುವುದು ಅಲ್ಲಿನ ರೂಢಿ. ಅವರ ಸಂಪಾದನೆಯ ದೊಡ್ಡ ಭಾಗ ಅದೇ ಆಗಿರುವುದರಿಂದ ಅದನ್ನು ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ, ದಡ ಸೇರಿದ ಮೇಲೆ ಚೌಕಾಶಿಗೆ ಇಳಿಯಬೇಡಿ.

ಗಾಳಿ ಜೋರಾಗಿದೆ, ಇಂದು ಬೇಡ ಎಂದು ಕ್ಯಾಪ್ಟನ್ ಹೇಳಿದರೆ ಒತ್ತಾಯ ಮಾಡಬಾರದು. ರಜೆ ಮುಗಿಯುತ್ತಿದೆ ಎಂಬ ನಿಮ್ಮ ಅವಸರ ಅವರ ತೀರ್ಮಾನದ ಮೇಲೆ ಬೀಳದಂತೆ, ಪ್ರವಾಸವನ್ನು ವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಆರಂಭದಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ಬಸ್ಸಿನಲ್ಲಿ ಘಾಟಿ ಹತ್ತಿದರೂ ನನಗೆ ವಾಂತಿಯಾಗುತ್ತದೆ. ಬೋಟಿನಲ್ಲಿ ಇಡೀ ದಿನ ಇರಬಲ್ಲೆನೇ?
— ಮಲ್ಲೇಶ್ವರದ ಓದುಗರು

ಉತ್ತರ: ಇರಬಹುದು, ಆದರೆ ಸಿದ್ಧತೆ ಹಿಂದಿನ ರಾತ್ರಿಯೇ ಆಗಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆ ಕೆಲಸ ಮಾಡುವುದಿಲ್ಲ. ಅವೊಮಿನ್‌ನಂಥ ಮಾತ್ರೆಗಳು ನಿದ್ದೆ ತರಿಸುತ್ತವೆ. ನಿಮಗೆ ಯಾವುದು ಸೂಕ್ತ ಎಂಬುದನ್ನು, ಅದರಲ್ಲೂ ಬಿಪಿ ಅಥವಾ ಬೇರೆ ಔಷಧ ತೆಗೆದುಕೊಳ್ಳುತ್ತಿದ್ದರೆ, ವೈದ್ಯರಿಂದ ತಿಳಿದು ಮನೆಯಲ್ಲಿ ಒಮ್ಮೆ ನುಂಗಿ ನೋಡಿ. ಖಾಲಿ ಹೊಟ್ಟೆ ಬೇಡ, ಎಣ್ಣೆಯ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ಬೋಟಿನ ಹಿಂಭಾಗದ ಮಧ್ಯದಲ್ಲಿ ಗಾಳಿಗೆ ಮುಖವೊಡ್ಡಿ ನಿಂತು ದಿಗಂತ ನೋಡುತ್ತಿರಿ. ಮೊಬೈಲನ್ನು ಚೀಲದಲ್ಲಿಡಿ.

ಪ್ರಶ್ನೆ: ಇದಕ್ಕಾಗಿ ವಿದೇಶಕ್ಕೇ ಹೋಗಬೇಕೇ? ನಮ್ಮ ಕರಾವಳಿಯಲ್ಲಿ ಈ ಮೀನು ಇಲ್ಲವೇ?
— ರಾಜಾಜಿನಗರದ ಓದುಗರು

ಉತ್ತರ: ಖಂಡಿತ ಇದೆ. ಅರಬ್ಬೀ ಸಮುದ್ರ ಮತ್ತು ಬಂಗಾಳಕೊಲ್ಲಿ ಎರಡರಲ್ಲೂ ಇದೆ; ಕೇರಳದವರು ಮೋದ ಎಂದು, ತಮಿಳುನಾಡಿನವರು ಕಡಲ್ ವಿರಾಲ್ ಎಂದು ಕರೆಯುತ್ತಾರೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಮಾಡುವವರಿಗೆ ಇದು ಕಾಣಸಿಗುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2010ರಲ್ಲಿ ತಮಿಳುನಾಡಿನ ಮಂಡಪಂ ಕೇಂದ್ರದಲ್ಲಿ ಕೋಬಿಯಾದ ಸಂತಾನೋತ್ಪತ್ತಿ ಮಾಡಿಸುವಲ್ಲಿ ಯಶಸ್ವಿಯಾಯಿತು. ಅದೇ ಸಂಸ್ಥೆ ಕಾರವಾರದಲ್ಲಿ ಕಡಲ ಪಂಜರಗಳಲ್ಲಿ ಇದನ್ನು ಬೆಳೆಸಿದೆ. ಇದು ಬಹಳ ಬೇಗ ಬೆಳೆಯುವುದೇ ಸಾಕಣೆಯವರ ಆಸಕ್ತಿಗೆ ಕಾರಣ.

ಆದರೆ ಅಮೆರಿಕದಂತೆ ಕೋಬಿಯಾಕ್ಕೆಂದೇ ಕರೆದೊಯ್ಯುವ ಬಾಡಿಗೆ ಬೋಟಿನ ವ್ಯವಸ್ಥೆ ನಮ್ಮ ಕರಾವಳಿಯಲ್ಲಿ ಬೇರೂರಿಲ್ಲ. ಗಾಳದ ಪ್ರವಾಸಕ್ಕೆ ಸಜ್ಜಾದ ಬೋಟುಗಳು ಅಂಡಮಾನಿನಲ್ಲಿವೆ, ಆದರೂ ಅಲ್ಲಿಗೆ ಹೋಗುವವರ ಗುರಿ ಹೆಚ್ಚಾಗಿ ಜೈಂಟ್ ಟ್ರೆವಲಿ ಎಂಬ ಬೇರೆ ಮೀನು. ಕರ್ನಾಟಕದಲ್ಲಿ ಹೋಗುವುದಾದರೆ ಬೋಟಿನ ನೋಂದಣಿ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಮತ್ತು ವೈರ್‌ಲೆಸ್ ಸೆಟ್ ಇವೆಯೇ ಎಂದು ಕಣ್ಣಾರೆ ನೋಡದೆ ಹತ್ತಬೇಡಿ. ಎಲ್ಲಿ ಗಾಳ ಹಾಕಲು ಅವಕಾಶವಿದೆ ಎಂದು ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿ. ಕಡಲಿನಲ್ಲಿ ಅಪಾಯವಾದಾಗ ಕರೆಯಬೇಕಾದ ಕೋಸ್ಟ್ ಗಾರ್ಡ್ ಸಂಖ್ಯೆ 1554. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ಅದಾದ ಮೇಲೂ ಕೆಲವು ವಾರ ಅಲೆಗಳ ಅಬ್ಬರ ಇಳಿಯುವುದಿಲ್ಲ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಶಾಂತ ದಿನಗಳನ್ನು ಆರಿಸಿಕೊಳ್ಳಿ. ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣಿಸಿ ಬೆಳಗ್ಗೆ ನೇರ ಬೋಟು ಹತ್ತುವವರು ನಿದ್ದೆಗೆಟ್ಟು ಸುಸ್ತಾಗುತ್ತಾರೆ; ಒಂದು ರಾತ್ರಿ ದಡದಲ್ಲಿ ಮಲಗಿ ಹೋಗಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೋಬಿಯಾ ಜೊತೆಗೂಡುವ ಕಡಲಾಮೆ ಮತ್ತು ತಿಮಿಂಗಿಲ ಶಾರ್ಕ್ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಲ್ಲಿವೆ. ಅವುಗಳ ಮೈಮೇಲಿಂದ ಗಾಳ ಎಸೆದರೆ ಕೊಕ್ಕೆ ಅವಕ್ಕೇ ಚುಚ್ಚುವ ಸಂಭವ ಹೆಚ್ಚು. ಅಂಥಲ್ಲಿ ಎಷ್ಟೇ ದೊಡ್ಡ ಕೋಬಿಯಾ ಕಂಡರೂ ಎಸೆಯದಿರುವುದೇ ಸರಿ.

ಪ್ರಶ್ನೆ: ಹಿಡಿದ ಮೀನನ್ನು ಕೊಲ್ಲಬೇಕೇ, ಬಿಡಬೇಕೇ? ತಿನ್ನಲು ರುಚಿಯೇ?
— ಬಸವನಗುಡಿಯ ಓದುಗರು

ಉತ್ತರ: ರುಚಿಯ ಬಗ್ಗೆ ಅನುಮಾನವೇ ಬೇಡ. ಮಾಂಸ ಬಿಳಿಯಾಗಿ, ಗಟ್ಟಿಯಾಗಿ ಇರುವುದರಿಂದ ತವಾ ಫ್ರೈಗೂ ಸಾರಿಗೂ ಮುರಿಯದೆ ನಿಲ್ಲುತ್ತದೆ. ಹಿಡಿದ ಕೂಡಲೇ ರಕ್ತ ಬಸಿದು ಐಸಿನಲ್ಲಿ ಇಟ್ಟರೆ ಮಾತ್ರ ಈ ಮಾತು ನಿಜ. ದೊಡ್ಡ ಬೇಟೆಗಾರ ಮೀನುಗಳ ಮಾಂಸದಲ್ಲಿ ಪಾದರಸ ಸೇರಿಕೊಳ್ಳುವುದರಿಂದ ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಹೆಚ್ಚು ಬಡಿಸಬೇಡಿ.

ಎಷ್ಟು ಉದ್ದದ, ಎಷ್ಟು ಮೀನನ್ನು ಇಟ್ಟುಕೊಳ್ಳಬಹುದು ಎಂಬ ನಿಯಮ ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಮತ್ತು ಆಗಾಗ ಬದಲಾಗುತ್ತದೆ. ಅಲ್ಲಿನ ನಿಯಮ ಎಷ್ಟಕ್ಕೆ ಅವಕಾಶ ಕೊಟ್ಟರೂ, ಮನೆಯವರೆಲ್ಲ ಒಂದು ಊಟ ಮಾಡಲು ಬೇಕಾದಷ್ಟು ಮಧ್ಯಮ ಗಾತ್ರದ ಒಂದು ಮೀನನ್ನು ಇಟ್ಟುಕೊಂಡು, ಅತಿ ದೊಡ್ಡದನ್ನು ಬಿಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೋಬಿಯಾದಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಚೆಸಪೀಕ್ ಕೊಲ್ಲಿಯಲ್ಲಿ ಸಿಗುವ ಭಾರಿ ಮೀನು ಬಹುತೇಕ ಮೊಟ್ಟೆ ತುಂಬಿದ ಹೆಣ್ಣೇ ಆಗಿರುತ್ತದೆ. ಈ ಮೀನಿಗೆ ತೇಲಲು ನೆರವಾಗುವ ಗಾಳಿಚೀಲವಿಲ್ಲ. ಆಳದಿಂದ ಎಳೆದಾಗ ಗಾಳಿಚೀಲ ಉಬ್ಬಿ ಸಾಯುವ ಬೇರೆ ಮೀನುಗಳ ಗತಿ ಇದಕ್ಕಿಲ್ಲದ ಕಾರಣ, ಜಾಗ್ರತೆಯಿಂದ ಬಿಟ್ಟರೆ ಬದುಕುವ ಸಾಧ್ಯತೆ ಚೆನ್ನಾಗಿದೆ.

ಬಿಡುವ ತೀರ್ಮಾನವನ್ನು ಬೋಟು ಹತ್ತುವ ಮೊದಲೇ ಕ್ಯಾಪ್ಟನ್‌ಗೆ ತಿಳಿಸಿ. ಆಗ ಅವರು ದೊಡ್ಡ ಬಲೆಯ ತೊಟ್ಟಿಲನ್ನು ಸಿದ್ಧವಿಡುತ್ತಾರೆ. ಮೀನನ್ನು ಚುಚ್ಚಿ ಎತ್ತುವ ಗಾಫ್ ಕೊಕ್ಕೆಯನ್ನು ಕೋಬಿಯಾದ ಮೇಲೆ ಬಳಸುವುದನ್ನು ವರ್ಜೀನಿಯಾದಲ್ಲಿ ಕಾನೂನೇ ನಿಷೇಧಿಸಿದೆ. ದಣಿಯದ ಕೋಬಿಯಾ ಬೋಟಿನೊಳಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಬೆನ್ನಿನ ಮೇಲೆ ಬಿಡಿಬಿಡಿಯಾಗಿ ನಿಂತ 7ರಿಂದ 9 ಮುಳ್ಳುಗಳು ಕೈ ಸೀಳಬಲ್ಲವು, ಬಾಲದ ಹೊಡೆತಕ್ಕೆ ಗಾಳದ ಕೋಲುಗಳು ಮುರಿಯುತ್ತವೆ. ಆದ್ದರಿಂದ ಸಹಾಯಕರು ಕರೆಯುವವರೆಗೆ ಹಿಂದೆ ಸರಿದು ನಿಲ್ಲಿ. ಫೋಟೊ ತೆಗೆಯುವಾಗ ಬಾಲ ಹಿಡಿದು ತೂಗುಹಾಕದೆ, ಒದ್ದೆ ಕೈಯಿಂದ ಹೊಟ್ಟೆಗೆ ಆಸರೆ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ಒಂದೆರಡು ಫೋಟೊ ಆದ ಕೂಡಲೇ ನೀರಿಗಿಳಿಸಿ, ತಾನಾಗಿ ಬಾಲ ಬಡಿದು ಹೊರಡುವವರೆಗೆ ತಲೆಯನ್ನು ನೀರಿನ ಹರಿವಿಗೆ ಎದುರಾಗಿ ಹಿಡಿದುಕೊಂಡಿರಿ.