ಕ್ಯಾನ್ಸರ್ ಇಲ್ಲ, ಆದರೂ ಸೊಂಟಕ್ಕೆ ‘ಕರೆಂಟು’ ಯಾಕೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪನಿಗೆ 64 ವರ್ಷ. ಮೂರು ವರ್ಷದ ಹಿಂದೆ ಎಡಗಡೆ ಸೊಂಟದ ಕೀಲು ಬದಲಿಸಿದ್ದರು. ನೋವು ಹೋಯಿತು, ಆದರೆ ಕೀಲಿನ ಸುತ್ತ ಬೇಡದ ಎಲುಬು ಬೆಳೆದು ಕಾಲು ಸರಿಯಾಗಿ ಮಡಚುತ್ತಿಲ್ಲ. ಈಗ ಬಲಗಡೆ ಆಪರೇಷನ್ ಆಗಬೇಕು. ಈ ಸಲ ಮಾರನೇ ದಿನವೇ ರೇಡಿಯೇಷನ್ ಕೊಡಿಸೋಣ ಅಂತಾರೆ ಡಾಕ್ಟರು. ಅದರಿಂದಲೇ ಕ್ಯಾನ್ಸರ್ ಬಂದರೆ? ಮಾತ್ರೆ ಸಾಲದೇ?

ರೇಡಿಯೇಷನ್ ತಜ್ಞರ ಉತ್ತರ: ರೇಡಿಯೇಷನ್, ಅಂದರೆ ಜನರ ಮಾತಿನಲ್ಲಿ ‘ಕರೆಂಟು ಕೊಡಿಸೋದು’ ಅಂದ ಕೂಡಲೇ ಮನೆಮಂದಿಯ ಮುಖ ಬಾಡುವುದನ್ನು ದಿನಾ ನೋಡುತ್ತೇನೆ. ನಿಮ್ಮ ಹೆದರಿಕೆ ಸಹಜವೇ. ಆದರೆ ನಿಮ್ಮ ಡಾಕ್ಟರು ಸುಮ್ನೆ ಹೇಳಿಲ್ಲ.

ಆಪರೇಷನ್‌ನಲ್ಲಿ ಪೆಟ್ಟು ತಿಂದ ಮಾಂಸಖಂಡವನ್ನು ರಿಪೇರಿ ಮಾಡಲು ಎಳೆಯ ಜೀವಕೋಶಗಳು ಬರುತ್ತವೆ. ಅವುಗಳಲ್ಲಿ ಕೆಲವು ದಾರಿ ತಪ್ಪಿ ಎಲುಬು ಕಟ್ಟಲು ಶುರು ಮಾಡುತ್ತವೆ. ಸುಮಾರು ಜನರಿಗೆ ಇದು ಎಕ್ಸ್‌ರೇಯಲ್ಲಿ ಕಾಣುವ ಸಣ್ಣ ಚೂರು ಅಷ್ಟೇ, ತೊಂದರೆ ಇಲ್ಲ. ಹಾಗಾಗಿ ಎಲ್ಲರಿಗೂ ರೇಡಿಯೇಷನ್ ಬೇಡ. ಆದರೆ ಒಂದು ಸೊಂಟದಲ್ಲಿ ಹೀಗೆ ಬೆಳೆದವರಿಗೆ ಇನ್ನೊಂದರಲ್ಲೂ ಬೆಳೆಯುವ ಸಾಧ್ಯತೆ ಜಾಸ್ತಿ. ನಿಮ್ಮಪ್ಪ ಆ ಗುಂಪಿಗೆ ಸೇರಿದವರು.

ಅಡಿಕೆ ತೋಟ ಇದ್ದರೆ ನಿಮಗೇ ಗೊತ್ತಿರುತ್ತದೆ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಕೊಳೆ ಬಂದು ಕಾಯಿ ಉದುರಿದ ಮೇಲೆ ಹೊಡೆದರೆ ಉದುರಿದ್ದು ವಾಪಸ್ ಬರುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಆ ಎಳೆಯ ಕೋಶಗಳು ಎಲುಬು ಕಟ್ಟುವ ಮೊದಲೇ ರೇಡಿಯೇಷನ್ ಅವನ್ನು ತಡೆಯಬೇಕು. ಆಪರೇಷನ್ನಿಗೆ ಕೆಲವು ಗಂಟೆ ಮೊದಲು, ಇಲ್ಲವೇ ಆದ 72 ಗಂಟೆಯೊಳಗೆ ಕೊಡಬೇಕು. ಆಮೇಲೆ ಆ ಕೋಶಗಳು ಬಲಿತುಬಿಡುತ್ತವೆ, ರೇಡಿಯೇಷನ್ನಿಗೆ ಬಗ್ಗುವುದಿಲ್ಲ.

ಕೊಡುವುದು ಒಂದೇ ಸಲ, 7ರಿಂದ 8 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ). ಗಂಟಲ ಕ್ಯಾನ್ಸರಿಗೆ ಆರೇಳು ವಾರದಲ್ಲಿ ಸುಮಾರು 70 ಗ್ರೇ ಕೊಡುತ್ತೇವೆ. ಟೇಬಲ್ ಮೇಲೆ ಮಲಗುವುದು ಕೆಲವೇ ನಿಮಿಷ, ನೋವಿಲ್ಲ, ತಲೆಕೂದಲೂ ಉದುರುವುದಿಲ್ಲ. ಮುಂದೆ ಕ್ಯಾನ್ಸರ್ ಬರುವ ಅಪಾಯ ಸೊನ್ನೆ ಎನ್ನಲಾರೆ, ಆದರೆ ಬಹಳ ಕಡಿಮೆ. ಇಪ್ಪತ್ತೈದರ ಹುಡುಗನಾಗಿದ್ದರೆ ನಾನೂ ಎರಡು ಸಲ ಯೋಚಿಸುತ್ತಿದ್ದೆ. 64ಕ್ಕೆ ಕಾಲು ಮಡಚದಿರುವ ಚಿಂತೆಯೇ ದೊಡ್ಡದು.

ಮಾತ್ರೆಯೂ ಇದೆ. ಇಂಡೊಮೆಥಾಸಿನ್ ಥರದ ನೋವು-ಊತದ ಮಾತ್ರೆಯನ್ನು ಕೆಲವು ವಾರ ತಪ್ಪದೆ ನುಂಗಬೇಕು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಅದು ಆಗಿಬರುವುದಿಲ್ಲ. ರಕ್ತ ತೆಳು ಮಾಡುವ ಔಷಧಿಯ ಜೊತೆ ರಕ್ತಸ್ರಾವದ ಭಯವೂ ಉಂಟು. ಅಪ್ಪನಿಗೆ ಇವು ಯಾವುದಾದರೂ ಇದ್ದರೆ ಮೊದಲೇ ಹೇಳಿ.

ನನ್ನ ನಿಜವಾದ ಚಿಂತೆ ದಾರಿಯದ್ದು. ಹಸಿ ಗಾಯ ಇಟ್ಟುಕೊಂಡು ಶಿರಸಿಯಿಂದ ಹುಬ್ಬಳ್ಳಿಯವರೆಗೆ ನೂರು ಕಿಲೋಮೀಟರ್ ಕುಲುಕಿಕೊಂಡು ಹೋಗುವುದು ಬೇಡ. ಹುಬ್ಬಳ್ಳಿಯೋ ಮಣಿಪಾಲವೋ, ರೇಡಿಯೇಷನ್ ಮೆಷಿನ್ ಇರುವ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಿಸಿ. ಶುಕ್ರವಾರದ ದಿನಾಂಕ ಕೊಟ್ಟರೆ, ಶನಿವಾರ ಭಾನುವಾರ ಮೆಷಿನ್ ನಡೆಯುತ್ತದೆಯೇ ಎಂದು ಕೇಳಿ. ಸಿಮೆಂಟ್ ಹಾಕದ ಕೀಲಾದರೆ, ಅದಕ್ಕೆ ಎಲುಬು ಅಂಟಬೇಕಾದ ಭಾಗವನ್ನು ಮುಚ್ಚಿ ಕೊಡುತ್ತಾರೆ. ಅದನ್ನೂ ಕೇಳಿ ಖಚಿತಪಡಿಸಿಕೊಳ್ಳಿ.

ಎಡ ಸೊಂಟಕ್ಕೆ ಈಗ ರೇಡಿಯೇಷನ್ ಕೊಟ್ಟು ಉಪಯೋಗವಿಲ್ಲ, ಬೆಳೆದ ಎಲುಬು ಕರಗುವುದಿಲ್ಲ. ತೀರಾ ಕಷ್ಟವಾದರೆ ಆಪರೇಷನ್ ಮಾಡಿ ತೆಗೆಯಬೇಕು. ಆಗಲೂ ಅದು ಮತ್ತೆ ಬೆಳೆಯದ ಹಾಗೆ ಇದೇ ಒಂದು ಡೋಸ್ ಕೊಡುತ್ತೇವೆ.